ನಮ್ಮ ಕಷ್ಟ, ಅವರ ಸಿನಿಮಾ

(ಮಹಿಳಾ ಸ್ವಸಹಾಯ ಸಂಘಗಳ ತಾಲ್ಲೂಕು ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ನಾಲ್ಕು ಮಾತು ಆಡಿ ಎಂದು ನನ್ನನ್ನು ಕರೆದಿದ್ದೀರಿ. ಕಾನೂನಿನ ಸಂಗತಿಗಳನ್ನು ನನಗಿಂತ ಮುಂಚೆ ಮಾತನಾಡಿದ ವಕೀಲೆ ಚೆನ್ನಾಗಿ ತಿಳಿಸಿದರು. ನಾನು 35 ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು. ಕಥೆ, ಕಾದಂಬರಿ, ನಾಟಕ ಇವೇ ನನ್ನ ಕಸುಬು. ಆದ್ದರಿಂದ ಇವತ್ತು ಸಿನಿಮಾದ ಬಗ್ಗೆ ಮಾತನಾಡುತ್ತೇನೆ. "ವರದಕ್ಷಿಣೆಯ ಸಭೆಯಲ್ಲಿ ಈ ಮೇಡಂ ಸಿನಿಮಾ ಸುದ್ದಿ ಯಾಕೆ ಎತ್ತಿದರು" ಎಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಸ್ವಲ್ಪ ತಾಳಿಕೊಳ್ಳಿ. ಕೆಟ್ಟದಾಗಿ ತೆಗೆದ ಒಂದು ಸಿನಿಮಾಕ್ಕೂ ನಮ್ಮ ಪಕ್ಕದ ಮನೆಯ ಸೊಸೆಗೂ ಸಂಬಂಧವಿದೆ. ಅದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಮೊದಲು ಒಂದು ಪ್ರಸಂಗ ಹೇಳುತ್ತೇನೆ. ಕಳೆದ ವರ್ಷ ನಮ್ಮೂರಿನ ಟಾಕೀಸಿಗೆ ವರದಕ್ಷಿಣೆಯ ಕಥೆ ಇರುವ ಒಂದು ಸಿನಿಮಾ ಬಂತು. ಅದರ ಹೆಸರು ಬೇಡ. ಅಂಥವು ಬೇಕಾದಷ್ಟಿವೆ, ಒಂದನ್ನೇ ಹಿಡಿದು ಹೊಡೆಯುವುದು ನ್ಯಾಯವಲ್ಲ. "ಪ್ರತಿಯೊಬ್ಬ ಹೆಣ್ಣುಮಗಳೂ ನೋಡಲೇಬೇಕಾದ ಚಿತ್ರ" ಎಂದು ಗೋಡೆ ತುಂಬ ಅಂಟಿಸಿದ್ದರು. ನಮ್ಮ ಬಡಾವಣೆಯ ಸಂಘದವರು ಬಂದು, "ಮೇಡಂ, ನಮ್ಮ ವಿಷಯಾನೇ ತೆಗೆದವ್ರಂತೆ, ನೀವೂ ಬನ್ನಿ" ಎಂದರು. ಹದಿನಾರು ಜನ ಹೊರಟೆವು. ಅವರಲ್ಲಿ ಶಾಲೆಯ ಬಿಸಿಯೂಟ ಮಾಡುವ ಅಕ್ಕ ಇದ್ದರು, ಬಟ್ಟೆ ಹೊಲಿಯುವವರಿದ್ದರು, ಆಸ್ಪತ್ರೆಯಲ್ಲಿ ಕಸ ಗುಡಿಸುವ ಒಬ್ಬಾಕೆ ಇದ್ದಳು. ಒಂದು ದಿನದ ಕೂಲಿಯ ದೊಡ್ಡ ಪಾಲು ಟಿಕೇಟಿಗೇ ಹೋಯಿತು.

ಸಿನಿಮಾ ಮುಗಿದು ಹೊರಗೆ ಬಂದಾಗ ಯಾರೂ ಮಾತಾಡಲಿಲ್ಲ. ಸಾಮಾನ್ಯವಾಗಿ ನಮ್ಮ ಹೆಂಗಸರು ಅತ್ತು ಹಗುರಾಗಿ ಬರುತ್ತಾರೆ. ಅವತ್ತು ಹಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬರುವ ಹೊತ್ತಿಗೆ ಬಿಸಿಯೂಟದ ಅಕ್ಕ ಬಾಯಿ ಬಿಟ್ಟರು. "ಅಲ್ಲ ಮೇಡಂ, ಆ ಹುಡುಗಿ ಮೂವತ್ತು ಜನಕ್ಕೆ ಒಬ್ಬಳೇ ಅಡಿಗೆ ಮಾಡ್ತಾಳೆ ಅಂತ ತೋರಿಸ್ತಾರೆ. ಅವಳ ಸೆರಗು ಒಂದು ಕಡೆನಾದರೂ ಒದ್ದೆ ಆಗಿತ್ತಾ? ಕೈಗೆ ಮಸಿ ಹತ್ತಿತ್ತಾ? ಆ ಒಲೆ ಮೇಲೆ ಪಾತ್ರೆ ಇತ್ತೇ ವಿನಾ ಪಾತ್ರೆ ಒಳಗೆ ಏನೂ ಇರಲಿಲ್ಲ."

ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ಹೊಲಿಗೆಯಾಕೆ, "ಅತ್ತೆ ಬಡಿದು ಕೆಡವಿದ ಮೇಲೂ ರವಿಕೆಯ ಇಸ್ತ್ರಿ ಕೆಡಲಿಲ್ಲ" ಎಂದಳು. ಇನ್ನೊಬ್ಬಳು, "ಐದು ಲಕ್ಷ ಕೊಡಿ ಅಂತ ಬಾಗಿಲಲ್ಲಿ ನಿಂತು ಕೂಗ್ತಾರಲ್ಲ, ಹಾಗೆ ಯಾರು ಕೇಳ್ತಾರೆ? ನಮ್ಮ ಮನೇಲಿ ಕೇಳಿದ್ದು ಹಾಗಲ್ಲ. 'ನಮಗೇನೂ ಬೇಡಮ್ಮ, ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ' ಅಂದರು. ಆ ಮಾತಿಗೆ ನಮ್ಮಪ್ಪ ಅರ್ಧ ಎಕರೆ ಮಾರಿದ" ಎಂದಳು.

ಆಸ್ಪತ್ರೆಯಲ್ಲಿ ಕೆಲಸ ಮಾಡುವಾಕೆ ಕೊನೆಗೆ ಮಾತಾಡಿದಳು. ಸಿನಿಮಾದ ಕೊನೆಯಲ್ಲಿ ಸುಟ್ಟುಕೊಂಡ ಸೊಸೆ ಹಾಸಿಗೆಯ ಮೇಲೆ ಮಲಗಿ ನಾಲ್ಕೈದು ನಿಮಿಷ ಡೈಲಾಗ್ ಹೇಳಿ, ಗಂಡನ ಕಾಲಿಗೆ ಕೈ ಮುಗಿದು ಕಣ್ಣು ಮುಚ್ಚುತ್ತಾಳೆ. ಮುಖಕ್ಕೆ ಏನೂ ಆಗಿರುವುದಿಲ್ಲ. ಈಕೆ ಹೇಳಿದಳು: "ನಮ್ಮ ಅಕ್ಕ ಮೂರು ದಿನ ಇದ್ದಳು ಮೇಡಂ. ನೀರು ಅಂತ ಕೇಳೋಕೂ ಆಗ್ತಿರಲಿಲ್ಲ. ಸೊಳ್ಳೆ ಪರದೆ ಒಳಗೆ ಮಲಗಿಸಿದ್ದರು. ನಾನು ಹೊರಗೆ ನಿಂತು ನೋಡ್ತಿದ್ದೆ. ಇವರು ಅಂಥವಳ ಬಾಯಲ್ಲಿ ಭಾಷಣ ಹೇಳಿಸ್ತಾರೆ. ಇವರಿಗೆ ಒಂದು ಸಲ ವಾರ್ಡಿಗೆ ಬಂದು ನೋಡಿ ಹೋಗೋಕೂ ಪುರಸೊತ್ತಿಲ್ವಾ?"

ಅಕ್ಕತಂಗಿಯರೇ, ನಾನು ಎಂ.ಎ. ಓದಿದವಳು. ಸಿನಿಮಾ ವಿಮರ್ಶೆಗಳನ್ನು ಬಹಳ ಓದಿದ್ದೇನೆ. ಆ ಒಂದು ಪ್ರಶ್ನೆಗಿಂತ ದೊಡ್ಡ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ಸಿನಿಮಾ ತೆಗೆದವರ ಉದ್ದೇಶ ಕೆಟ್ಟದ್ದಲ್ಲದೆ ಇರಬಹುದು. ಆದರೆ ಅವರು ನೋಡಿಲ್ಲ. ನೋಡದೆ ತೆಗೆದಿದ್ದಾರೆ. ಬೇರೆ ಸಿನಿಮಾ ನೋಡಿ ಈ ಸಿನಿಮಾ ತೆಗೆದಿದ್ದಾರೆ. ಆ ಬೇರೆ ಸಿನಿಮಾದವರು ಇನ್ನೊಂದು ಸಿನಿಮಾ ನೋಡಿ ತೆಗೆದಿದ್ದರು.

"ಹೋಗಲಿ ಬಿಡಿ ಮೇಡಂ, ಸಿನಿಮಾ ತಾನೆ" ಎನ್ನಬಹುದು. ಸರಿಯಾಗಿ ತೆಗೆಯದ ಹಾಡು ಕುಣಿತದ ಸಿನಿಮಾ ನೋಡಿದರೆ ದುಡ್ಡು ಹೋಗುತ್ತದೆ, ಅಷ್ಟೆ. ನಮ್ಮ ಕಷ್ಟವನ್ನು ಸರಿಯಾಗಿ ತೆಗೆಯದ ಸಿನಿಮಾ ನೋಡಿದರೆ ಕಣ್ಣು ಹೋಗುತ್ತದೆ. ಕಷ್ಟವನ್ನು ಗುರುತಿಸುವ ಕಣ್ಣು.

ಇಂಥ ಸಿನಿಮಾಗಳಲ್ಲಿ ಹಿಂಸೆ ಹೇಗೆ ಬರುತ್ತದೆ ನೋಡಿ. ಮೊದಲು ಢಂ ಎಂದು ವಾದ್ಯ ಬಾರಿಸುತ್ತದೆ. ಅತ್ತೆಯ ಮುಖವನ್ನು ಕೆಳಗಿನಿಂದ ತೋರಿಸುತ್ತಾರೆ, ಅವಳ ಕುಂಕುಮ ಕಾಸಿನಷ್ಟು ಅಗಲ ಇರುತ್ತದೆ. ಅವಳು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೆಟ್ಟವಳು. ಗಂಡ ಪಾಪದವನು, ತಾಯಿಯ ಮಾತಿಗೆ ಕಟ್ಟುಬಿದ್ದವನು, ಕೊನೆಯಲ್ಲಿ ಅಳುವವನು. ಮಾವ ಪೇಪರ್ ಓದುತ್ತಿರುತ್ತಾನೆ. ಸೊಸೆ ದೇವರ ಮುಂದೆ ಹಾಡು ಹೇಳುತ್ತಾಳೆ. ಅವಳಿಗೆ ಸಿಟ್ಟೇ ಬರುವುದಿಲ್ಲ, ಬಂದರೆ ಅವಳು ಒಳ್ಳೆಯವಳಲ್ಲ. ತವರಿನಿಂದ ಅಣ್ಣ ಬಂದು ನಾಲ್ಕು ಜನಕ್ಕೆ ಬಡಿದರೆ ಕಥೆ ಮುಗಿಯಿತು. 2002ರ 'ತವರಿಗೆ ಬಾ ತಂಗಿ' ಬಂದಾಗ ನಮ್ಮೂರಿನಲ್ಲಿ ಹೆಂಗಸರು ಗುಂಪು ಗುಂಪಾಗಿ ಹೋಗಿ ಅತ್ತು ಬಂದಿದ್ದರು. ಅವರ ಅಳು ಸುಳ್ಳಲ್ಲ. ಅದನ್ನು ನಾನು ಹಂಗಿಸುವುದಿಲ್ಲ. ಮನೆಯಲ್ಲಿ ಅಳಲು ಜಾಗವಿಲ್ಲದವರು ಕತ್ತಲೆಯ ಟಾಕೀಸಿನಲ್ಲಿ ಅತ್ತರು. ಆದರೆ ಅಣ್ಣ ಇಲ್ಲದವಳು ಏನು ಮಾಡಬೇಕು? ಅಣ್ಣನೇ "ಹೊಂದಿಕೊಂಡು ಹೋಗು" ಎಂದರೆ ಏನು ಮಾಡಬೇಕು? ಅಣ್ಣ ತಂಗಿಯರ ಕಣ್ಣೀರಿನ ಚಿತ್ರಗಳು ಅದನ್ನು ಹೇಳುವುದಿಲ್ಲ.

ಪರದೆಯ ಮೇಲೆ ಯಾರಾದರೂ ಬೀಡಿ ಹಚ್ಚಿದರೆ ಕೆಳಗೆ ಅಕ್ಷರ ಬರುತ್ತದೆ, ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂದು. ನಾಯಕ ನಾಯಕಿಯ ಕೆನ್ನೆಗೆ ಬಾರಿಸಿದಾಗ ಯಾವ ಅಕ್ಷರವೂ ಬರುವುದಿಲ್ಲ. ಜನ ಸಿಳ್ಳೆ ಹಾಕುತ್ತಾರೆ.

ಇನ್ನು ನನ್ನದೇ ತಪ್ಪನ್ನು ಹೇಳುತ್ತೇನೆ. ಇದನ್ನು ಸಭೆಯಲ್ಲಿ ಹೇಳುವುದು ಇದೇ ಮೊದಲು.

ನಾನು ಕೆಲಸಕ್ಕೆ ಸೇರಿದ್ದು 1984ರಲ್ಲಿ. ಬಿ.ಎ. ತರಗತಿಯಲ್ಲಿ ನನಗೆ ಬಹಳ ಹತ್ತಿರವಾಗಿದ್ದ ಒಬ್ಬ ಹುಡುಗಿ ಇದ್ದಳು. ಅಕ್ಷರ ಮುತ್ತಿನಂತೆ ಇತ್ತು. 1989ರಲ್ಲಿ ಅವಳ ಮದುವೆಯಾಯಿತು, ನಾನೂ ಹೋಗಿ ಉಂಡು ಬಂದೆ. ಮುಂದಿನ ವರ್ಷ ಒಂದು ಮಧ್ಯಾಹ್ನ ಅವಳು ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕುಳಿತು ಹೇಳಿದ್ದು ಇಷ್ಟು: ಮನೆಯಲ್ಲಿ ಯಾರೂ ಅವಳ ಹತ್ತಿರ ಮಾತಾಡುವುದಿಲ್ಲ. ಗಂಡ ಸಾಮಾನಿನ ಚೀಟಿ ಬರೆದು ಮೇಜಿನ ಮೇಲೆ ಇಡುತ್ತಾನೆ, ಚಿಲ್ಲರೆಗೂ ಲೆಕ್ಕ ಬರೆಯಬೇಕು. ಅವಳ ಒಡವೆ ಅತ್ತೆಯ ಬೀರುವಿನಲ್ಲಿದೆ. ತವರಿಗೆ ಕಾಗದ ಬರೆದರೆ ಮೊದಲು ಮಾವ ಓದುತ್ತಾರೆ. ಊಟಕ್ಕೆ ಕುಳಿತಾಗ, "ನಿಮ್ಮಪ್ಪ ಬೈಕು ಯಾವಾಗ ಕೊಡಿಸ್ತಾನೆ" ಎಂದು ಕೇಳುತ್ತಾರೆ. ಕೇಳಿ ನಗುತ್ತಾರೆ.

ನಾನು ಅವಳನ್ನು ಒಂದೇ ಪ್ರಶ್ನೆ ಕೇಳಿದೆ. "ಹೊಡೀತಾನಾ?"

"ಇಲ್ಲ ಮೇಡಂ" ಎಂದಳು.

ನನಗೆ ಸಮಾಧಾನವಾಯಿತು. "ಹಾಗಾದರೆ ಪರವಾಗಿಲ್ಲ ಬಿಡು. ಹೊಸದರಲ್ಲಿ ಹೀಗೇ ಇರುತ್ತೆ. ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ" ಎಂದೆ. ಕಾಫಿ ಕುಡಿಸಿ ಬಸ್ಸು ಹತ್ತಿಸಿ ಬಂದೆ. ಒಳ್ಳೆಯ ಬುದ್ಧಿ ಹೇಳಿದೆ ಎಂದುಕೊಂಡೆ.

ವರದಕ್ಷಿಣೆ ವಿರೋಧಿಸಿ ಮೆರವಣಿಗೆಯಲ್ಲಿ ಹೋದವಳು ನಾನು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಿದವಳು. ಆದರೂ ಹಿಂಸೆ ಎಂದರೆ ನನ್ನ ಮನಸ್ಸಿನಲ್ಲಿದ್ದ ಚಿತ್ರ ಯಾವುದು? ಕೂದಲು ಹಿಡಿದು ಎಳೆಯುವ ಅತ್ತೆ, ಸೀಮೆಎಣ್ಣೆ ಡಬ್ಬ, ಬೆಂಕಿಕಡ್ಡಿ. ಆ ಚಿತ್ರ ಎಲ್ಲಿಂದ ಬಂತು? ಪೇಪರಿನಿಂದ ಸ್ವಲ್ಪ, ಸಿನಿಮಾದಿಂದ ಬಹಳ. ಆ ಹುಡುಗಿಯ ಮೈಮೇಲೆ ಗಾಯವಿರಲಿಲ್ಲ, ಅವಳು ಅಳಲೂ ಇಲ್ಲ. ನನ್ನ ಸಿನಿಮಾಕ್ಕೆ ಅವಳ ಕಷ್ಟ ಹೊಂದಲಿಲ್ಲ. ಆದ್ದರಿಂದ ಅದು ಕಷ್ಟವೆಂದೇ ನನಗೆ ಕಾಣಲಿಲ್ಲ.

ಅವಳು ಬದುಕಿದ್ದಾಳೆ, ಗಾಬರಿಯಾಗಬೇಡಿ. ಆರು ವರ್ಷದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ತಾನೇ ಹೊರಗೆ ಬಂದಳು. ಶಾಲೆಯೊಂದರಲ್ಲಿ ಗುಮಾಸ್ತೆಯಾಗಿ ಮಕ್ಕಳನ್ನು ಓದಿಸಿದಳು. 2019ರಲ್ಲಿ ನನ್ನ ನಿವೃತ್ತಿಯ ಸಮಾರಂಭಕ್ಕೆ ಬಂದು ಹಣ್ಣು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಎದ್ದು ನಿಂತು ಮೆಲ್ಲಗೆ ಹೇಳಿದಳು: "ಮೇಡಂ, ಅವತ್ತು ನೀವು ಹೊಡೀತಾನಾ ಅಂತ ಕೇಳಿದಿರಿ. ಇನ್ನೊಂದು ಏನಾದರೂ ಕೇಳಿದ್ದರೆ ನಾನು ಆರು ವರ್ಷ ಮುಂಚೆ ಬರ್ತಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ತಾಗಿತು.

ಎಲ್ಲ ಸಿನಿಮಾವೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯದನ್ನು ನೋಡಿದ್ದರಿಂದಲೇ ಕೆಟ್ಟದ್ದನ್ನು ಕಂಡಾಗ ಇಷ್ಟು ನಿರಾಸೆಯಾಗುತ್ತದೆ. ನಮ್ಮ ಕನ್ನಡದ್ದೇ ನಾಲ್ಕು ಸಿನಿಮಾ ಹೇಳುತ್ತೇನೆ.

1967ರ 'ಬೆಳ್ಳಿಮೋಡ' ನೆನಪಿದೆಯೇ? ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅವರ ಅಭಿನಯ. ಇಂದಿರಾ ತೋಟದ ಸಾಹುಕಾರರ ಒಬ್ಬಳೇ ಮಗಳು. ಅವಳ ತಂದೆಯ ದುಡ್ಡಿನಿಂದ ಮೋಹನ ವಿದೇಶಕ್ಕೆ ಓದಲು ಹೋಗುತ್ತಾನೆ, ಬಂದ ಮೇಲೆ ಅವಳನ್ನು ಮದುವೆಯಾಗಬೇಕು. ಅಷ್ಟರಲ್ಲಿ ಇಂದಿರಾಳ ತಾಯಿಗೆ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ. ಮೋಹನನ ಪ್ರೀತಿ ಅಲ್ಲಿಗೆ ತಣ್ಣಗಾಯಿತು. ಆಮೇಲೆ ಅವನಿಗೆ ಅಪಘಾತವಾಗುತ್ತದೆ, ಇಂದಿರಾ ಆರೈಕೆ ಮಾಡುತ್ತಾಳೆ, ಅವನ ಮನಸ್ಸು ತಿರುಗಿ ಮದುವೆಯಾಗೋಣ ಎನ್ನುತ್ತಾನೆ. ಇಂದಿರಾ ಒಲ್ಲೆ ಎನ್ನುತ್ತಾಳೆ. ವರದಕ್ಷಿಣೆ ಎಂದು ಕೂಗದೆಯೇ, ಹುಡುಗಿಯನ್ನು ನೋಡುವ ಕಣ್ಣು ಆಸ್ತಿಯ ಮೇಲಿರುತ್ತದೆ ಎಂದು ಆ ಸಿನಿಮಾ ತೋರಿಸಿತು. ಅಲ್ಲಿ ಮೋಹನ ರಾಕ್ಷಸನಲ್ಲ. ಓದಿದವನು, ನಯವಾಗಿ ಮಾತಾಡುವವನು. ನಮ್ಮ ಮನೆಗಳಿಗೆ ಹೆಣ್ಣು ನೋಡಲು ಬರುವವರೂ ಹೀಗೇ ಇರುತ್ತಾರಲ್ಲವೇ?

1971ರ 'ಶರಪಂಜರ'ವನ್ನು ನಾನು ನೋಡಿದ್ದು ಟೆಂಟಿನಲ್ಲಿ, ಅಮ್ಮನ ಜೊತೆ ನೆಲದ ಮೇಲೆ ಕುಳಿತು. ಆಗ ನನಗೆ ಹನ್ನೆರಡೋ ಹದಿಮೂರೋ ವರ್ಷ. ಕಾವೇರಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರು, ಅಕ್ಕಪಕ್ಕದವರು ಅವಳನ್ನು ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡನಿಗೆ ಇನ್ನೊಬ್ಬಳ ಸಂಬಂಧವಿದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಅವಳನ್ನು ಮುರಿದದ್ದು ಏಟಲ್ಲ, ಆ ನೋಟ. ಮನೆಗೆ ನಡೆದು ಬರುವಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಒಬ್ಬರಾದರೂ ನಂಬಿದ್ದರೆ ಆ ಹುಡುಗಿ ಉಳೀತಿದ್ದಳು" ಎಂದಳು. ನಾಲ್ಕನೇ ತರಗತಿ ಓದಿದವಳು ನನ್ನಮ್ಮ. ಪುಟ್ಟಣ್ಣನವರಲ್ಲೂ ಅಬ್ಬರ ಇದೆ, ಅಳು ಇದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ನೋಡಬೇಕಾದ್ದನ್ನು ನೋಡಿದ್ದರು. 1990ರಲ್ಲಿ ಆ ಹುಡುಗಿ ನನ್ನ ಎದುರು ಕುಳಿತಾಗ ನನಗೆ ಅಮ್ಮನ ಮಾತು ನೆನಪಾಗಬೇಕಿತ್ತು. ಆಗಲಿಲ್ಲ. ನಡುವೆ ನೋಡಿದ ಇಪ್ಪತ್ತು ವರ್ಷದ ಕೆಟ್ಟ ಸಿನಿಮಾಗಳು ಅದನ್ನು ಮುಚ್ಚಿಬಿಟ್ಟಿದ್ದವು.

1983ರಲ್ಲಿ ಪ್ರೇಮಾ ಕಾರಂತರು 'ಫಣಿಯಮ್ಮ' ತೆಗೆದರು. ಎಂ.ಕೆ. ಇಂದಿರಾ ಅವರ ಕಾದಂಬರಿ. ಕಾದಂಬರಿ ಬರೆದವರೂ ಹೆಂಗಸು, ಸಿನಿಮಾ ಮಾಡಿದವರೂ ಹೆಂಗಸು. ಮದುವೆ ಎಂದರೇನೆಂದು ತಿಳಿಯುವ ಮುಂಚೆಯೇ ವಿಧವೆಯಾದ ಮಗು ಮುದುಕಿಯಾಗುವವರೆಗಿನ ಕಥೆ. ಅಲ್ಲಿ ಒಬ್ಬರೂ ಕಿರುಚುವುದಿಲ್ಲ. ಮುಂದೆ ಒಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಹಿಂದಿನಿಂದ ವಾದ್ಯ ಬಾರಿಸಿ ಅದನ್ನು ನಮಗೆ ಹೇಳಬೇಕಾಗಿಲ್ಲ.

2004ರ 'ಹಸೀನಾ' ಬಾನು ಮುಷ್ತಾಕರ ಕಥೆಯಿಂದ ಬಂದದ್ದು, ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ್ದು. ಹೆಣ್ಣುಮಕ್ಕಳೇ ಹುಟ್ಟಿದರೆಂದು ಗಂಡ ಬಿಟ್ಟುಹೋದವಳು ಮಕ್ಕಳನ್ನು ಕರೆದುಕೊಂಡು ಮಸೀದಿಯ ಮುಂದೆ ಕುಳಿತು ನ್ಯಾಯ ಕೇಳುತ್ತಾಳೆ. ಆ ಪಾತ್ರಕ್ಕೆ ನಟಿ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಅದೇ ಬಾನು ಮುಷ್ತಾಕರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತಿದೆ. ಹಾಸನದಲ್ಲಿ ಕುಳಿತು ತನ್ನ ಸುತ್ತಲಿನ ಹೆಂಗಸರನ್ನು ನೋಡಿ ಬರೆದದ್ದು ಪ್ರಪಂಚಕ್ಕೆಲ್ಲ ಅರ್ಥವಾಯಿತು.

ಕನ್ನಡದ ಹೊರಗಿನದು ಒಂದು. 2021ರಲ್ಲಿ ಮಲಯಾಳದಲ್ಲಿ 'ದಿ ಗ್ರೇಟ್ ಇಂಡಿಯನ್ ಕಿಚನ್' ಬಂತು. ಹೆಸರು ಇಂಗ್ಲಿಷಿನದು, ಕಥೆ ನಮ್ಮ ಅಡುಗೆಮನೆಯದು. ಹೊಸ ಸೊಸೆ ದೋಸೆ ಹುಯ್ಯುತ್ತಾಳೆ, ಮುಸುರೆ ತೊಳೆಯುತ್ತಾಳೆ, ನೆಲ ಒರೆಸುತ್ತಾಳೆ. ಸಿಂಕಿನ ಕೆಳಗಿನ ಪೈಪು ಸೋರುತ್ತದೆ. ರಿಪೇರಿಯವನನ್ನು ಕರೆಸಿ ಎಂದು ಗಂಡನಿಗೆ ಹೇಳುತ್ತಲೇ ಇರುತ್ತಾಳೆ, ಅವನು ಕರೆಸುವುದೇ ಇಲ್ಲ. ಮಾವ ಬಹಳ ಮೃದು ಸ್ವಭಾವದವರು. ಅನ್ನ ಸೌದೆ ಒಲೆಯ ಮೇಲೇ ಆಗಬೇಕು, ತನ್ನ ಬಟ್ಟೆ ಮೆಷಿನ್ನಿಗೆ ಹಾಕಬೇಡ ಎಂದು ಮೃದುವಾಗಿಯೇ ಹೇಳುತ್ತಾರೆ. ನಮ್ಮ ಸಂಘದವರಿಗೆ ಇದನ್ನು ತೋರಿಸಿದಾಗ ಭಾಷೆ ಬಾರದಿದ್ದರೂ ಯಾರೂ ಏಳಲಿಲ್ಲ. ಆ ಬಿಸಿಯೂಟದ ಅಕ್ಕ, "ಇವರು ಮಾತ್ರ ಪಾತ್ರೆ ತೊಳೆದು ನೋಡಿದವರು" ಎಂದರು.

ಅಂದರೆ ದುಡ್ಡು ಸುರಿದರೆ ಸಿನಿಮಾ ಚೆನ್ನಾಗಿ ಆಗುತ್ತದೆ ಎಂದಲ್ಲ. ಒಂದು ಅಡುಗೆಮನೆ, ಸೋರುವ ಒಂದು ಪೈಪು ಇದ್ದರೂ ಸಾಕು. ನೋಡುವ ತಾಳ್ಮೆ ಬೇಕು.

ಈಗ ಕಾನೂನಿಗೆ ಬರುತ್ತೇನೆ. ನಮ್ಮ ಸಿನಿಮಾದವರಿಗಿಂತ ನಮ್ಮ ಕಾನೂನಿನ ಕಣ್ಣು ಚುರುಕಾಗಿದೆ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧ ಎಂದ 498ಎ ಕಲಂ ಬಂದದ್ದು 1983ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಮನಸ್ಸಿಗೆ ಕೊಡುವ ಹಿಂಸೆಯೂ ಅದರಲ್ಲಿ ಸೇರಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಇನ್ನೂ ಬಿಡಿಸಿ ಹೇಳಿತು. ಮೈಗೆ ಮಾಡುವ ಹಿಂಸೆ, ಲೈಂಗಿಕ ಹಿಂಸೆ, ಮಾತಿನಿಂದ ಮನಸ್ಸಿಗೆ ಮಾಡುವ ಹಿಂಸೆ, ದುಡ್ಡು ಕಾಸಿಗೆ ಸಂಬಂಧಿಸಿದ ಹಿಂಸೆ ಎಂದು ನಾಲ್ಕನ್ನೂ ಹಿಂಸೆ ಎಂದೇ ಕರೆಯಿತು. ಒಡವೆಯನ್ನು ಕಿತ್ತಿಟ್ಟುಕೊಳ್ಳುವುದು, ಮನೆ ಖರ್ಚಿಗೆ ಕೊಡದೆ ಸತಾಯಿಸುವುದು, ತವರಿನಿಂದ ಏನೂ ತರಲಿಲ್ಲ ಎಂದು ಹಂಗಿಸುವುದು, ಎಲ್ಲವೂ ಅದರಲ್ಲಿ ಬರುತ್ತವೆ. 1990ರಲ್ಲಿ ನನ್ನ ವಿದ್ಯಾರ್ಥಿನಿ ಹೇಳಿದ್ದರಲ್ಲಿ ಬಹುಪಾಲು ಆ ಕಾಯಿದೆಯಲ್ಲಿದೆ. ಮನೆ ಯಾರ ಹೆಸರಿನಲ್ಲಿದ್ದರೂ ಹೆಂಡತಿಯಾಗಿ ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕೂ ಅದರಲ್ಲಿದೆ. ದೂರು ಕೊಡಲು ಪೊಲೀಸ್ ಠಾಣೆಯ ಮೆಟ್ಟಿಲನ್ನೇ ಹತ್ತಬೇಕೆಂದಿಲ್ಲ. ನಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಂಗನವಾಡಿ ಕೆಲಸಕ್ಕೆ ನೀವು ಹೋಗುತ್ತೀರಲ್ಲ, ಅದೇ ಕಚೇರಿ. ಫೋನು ಮಾಡುವುದಾದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಯಾವ ಸಿನಿಮಾದಲ್ಲಾದರೂ ಸಂರಕ್ಷಣಾಧಿಕಾರಿಯನ್ನು ನೋಡಿದ್ದೀರಾ? ನಾನು ನೋಡಿಲ್ಲ. ಅಲ್ಲಿ ಒಂದೋ ಅಣ್ಣ ಬರುತ್ತಾನೆ, ಇಲ್ಲವೇ ದೇವಿ ಪ್ರತ್ಯಕ್ಷಳಾಗುತ್ತಾಳೆ, ಇಲ್ಲವೇ ಕೋರ್ಟಿನಲ್ಲಿ ಒಂದೇ ದಿನಕ್ಕೆ ತೀರ್ಪು.

ಒಂದು ಲೆಕ್ಕ ಕೇಳಿ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಈ ಸಭೆಯಲ್ಲಿ ಇನ್ನೂರು ಜನ ಇದ್ದೀರಿ. ಲೆಕ್ಕ ನೀವೇ ಹಾಕಿ. ನಮ್ಮ ಅಕ್ಕಪಕ್ಕದಲ್ಲಿ ಇಷ್ಟು ನಡೆಯುತ್ತಿದ್ದರೆ ನಮಗೆ ಯಾಕೆ ಕೇಳಿಸಲಿಲ್ಲ? ಢಂ ಎಂಬ ವಾದ್ಯಕ್ಕೆ ಕಾಯುತ್ತಾ ಕುಳಿತಿದ್ದೆವು. ನಿಜವಾದ ಮನೆಯಲ್ಲಿ ವಾದ್ಯ ಇರುವುದಿಲ್ಲ, ಟಿ.ವಿ. ಸದ್ದು ಜೋರಾಗಿರುತ್ತದೆ.

ಹಿಂದೆ ಪೇಪರಿನಲ್ಲಿ "ಸ್ಟೌ ಸಿಡಿದು ಗೃಹಿಣಿ ಸಾವು" ಎಂದು ವಾರಕ್ಕೊಮ್ಮೆ ಬರುತ್ತಿತ್ತು. ಓದಿ ಪುಟ ತಿರುವುತ್ತಿದ್ದೆವು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಒಬ್ಬೊಬ್ಬರ ಹಾಸಿಗೆಯ ಪಕ್ಕ ಕುಳಿತು ಕೇಳಿಕೊಂಡರು. ಅಪಘಾತ ಎಂದು ಬರೆದು ಮುಚ್ಚಿದ ಸಾವುಗಳನ್ನು ಪ್ರಶ್ನಿಸಿದರು. ಅವರು ಸಿನಿಮಾದವರಲ್ಲ. ಆದರೆ ಸಿನಿಮಾದವರು ಮಾಡಬೇಕಾದ ಮೊದಲ ಕೆಲಸವನ್ನು ಮಾಡಿದರು. ಹೋಗಿ ನೋಡಿದರು.

ಕೊನೆಗೆ ನಮ್ಮ ಮನೆಯ ಮಾತಿಗೂ ಬರಬೇಕು. ಸಿನಿಮಾದವರನ್ನು ಬೈದು ಎದ್ದು ಹೋದರೆ ಅದೂ ಒಂದು ನಾಟಕವೇ. ನಮ್ಮ ಸಂಘಗಳ ಸಾಲದ ಪುಸ್ತಕ ತೆಗೆದು ನೋಡಿ. 'ಮನೆ ರಿಪೇರಿ', 'ಹಸು ಖರೀದಿ' ಎಂದು ಬರೆದಿರುತ್ತೇವೆ. ಅದರಲ್ಲಿ ಎಷ್ಟು ಸಾಲ ಮಗಳ ಮದುವೆಯ ಬಂಗಾರಕ್ಕೆ, ಅಳಿಯನ ಬೈಕಿಗೆ ಹೋಯಿತೆಂದು ಸಹಿ ಹಾಕಿದ ನಮಗೆಲ್ಲ ಗೊತ್ತು. ವರದಕ್ಷಿಣೆ ತೆಗೆದುಕೊಳ್ಳುವುದು ಮಾತ್ರವಲ್ಲ, ಕೊಡುವುದೂ ಅಪರಾಧ ಎಂದು 1961ರ ಕಾಯಿದೆ ಹೇಳುತ್ತದೆ. ವಾರ ವಾರ ಉಳಿಸಿದ ದುಡ್ಡು ಯಾರದೋ ಮನೆಯ ಅಂಗಳದಲ್ಲಿ ಬೈಕಾಗಿ ನಿಂತಿದೆ. ಸಿನಿಮಾದಲ್ಲಿ ವರದಕ್ಷಿಣೆ ಕೇಳುವವನು ದುಷ್ಟ, ಕೊಡುವ ಅಪ್ಪ ದೇವರು. ಆ ದುಡ್ಡು ಎಲ್ಲಿಂದ ಬಂತು, ತೀರಿಸುವವರು ಯಾರು, ಕಂತು ಕಟ್ಟಲು ಆ ತಾಯಿ ಎಷ್ಟು ವರ್ಷ ಯಾರ ಹೊಲದಲ್ಲಿ ಕಳೆ ಕಿತ್ತಳು? ಇದನ್ನು ಯಾರಾದರೂ ಸಿನಿಮಾ ಮಾಡಲಿ. ನಾನೇ ಮೊದಲು ಟಿಕೇಟು ತೆಗೆಯುತ್ತೇನೆ.

ಅಲ್ಲಿಯವರೆಗೆ ನಾವು ಮಾಡಬಹುದಾದ ಎರಡು ಕೆಲಸ ಹೇಳಿ ಮುಗಿಸುತ್ತೇನೆ.

ತಿಂಗಳಿಗೊಮ್ಮೆ ಉಳಿತಾಯದ ಲೆಕ್ಕ ಮುಗಿದ ಮೇಲೆ ಎಲ್ಲರೂ ಕೂತು ಒಂದು ಸಿನಿಮಾ ನೋಡಿ. ಈಗ ಯಾರದಾದರೂ ಮನೆಯಲ್ಲಿ ದೊಡ್ಡ ಟಿ.ವಿ. ಇದ್ದೇ ಇರುತ್ತದೆ. ಒಳ್ಳೆಯದನ್ನೂ ನೋಡಿ, ಕೆಟ್ಟದ್ದನ್ನೂ ನೋಡಿ. ನೋಡಿ ಅತ್ತು ಎದ್ದು ಹೋಗಬೇಡಿ, ಮಾತಾಡಿ. ಇದು ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತದಾ? ಇವಳ ಜಾಗದಲ್ಲಿ ನಾನಿದ್ದರೆ ಎಲ್ಲಿಗೆ ಹೋಗುತ್ತಿದ್ದೆ? ಈ ಸಿನಿಮಾ ಯಾರನ್ನು ಬಚಾವು ಮಾಡುತ್ತಿದೆ? ಮೂರು ಪ್ರಶ್ನೆ ಸಾಕು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಆ ಹದಿನಾರು ಜನ ಮಾತಾಡಿದ ಹಾಗೆ ಮಾತಾಡಿ. ಸಿನಿಮಾದ ಕಥೆ ಎಂಬ ನೆಪದಲ್ಲಿ ತನ್ನ ಕಥೆ ಹೇಳುವವಳು ಒಬ್ಬಳಾದರೂ ಇರುತ್ತಾಳೆ. ಅವಳ ಮಾತನ್ನು ನಡುವೆ ತಡೆಯಬೇಡಿ, ಅದನ್ನು ಹೊರಗೆ ಆಡಿಕೊಳ್ಳಬೇಡಿ.

ಇನ್ನೊಂದು, ನಿಮ್ಮ ಅಕ್ಕನ ಮಗಳೋ, ಪಕ್ಕದ ಮನೆಯ ಸೊಸೆಯೋ, ನಿಮ್ಮದೇ ಮಗಳೋ ಬಂದು ಹತ್ತಿರ ಕುಳಿತು ಸುಮ್ಮನೆ ಸೆರಗಿನ ಅಂಚು ಸುತ್ತುತ್ತಿದ್ದರೆ, ನಾನು ಕೇಳಿದ ಪ್ರಶ್ನೆ ಕೇಳಬೇಡಿ. "ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋವರೆಗೆ ನಿನ್ನ ದಿನ ಹೇಗೆ ಹೋಗುತ್ತೆ, ಹೇಳವ್ವ" ಎಂದು ಕೇಳಿ. ಅವಳು ಹೇಳುವವರೆಗೆ ಕೂತಿರಿ. ಒಲೆ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ.